ನಡುವಿನ ಸ್ಪೀಕರ್

ಹೋಂ ಥಿಯೇಟರ್ ಬಗ್ಗೆ ನನಗೆ ತಿಳಿದಿರುವುದೆಲ್ಲ ಅಕ್ಕನ ಮಗರಾಯ ಕಲಿಸಿದ್ದು. ನಿಮಗೂ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಅವನು ಹೆತ್ತ ತಾಯಿಗೆ ಮಾಡಿದ್ದೇನೆಂದು ಅರ್ಥವಾಗುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಆಂಬುಲೆನ್ಸ್ ಕರೆಗಳು ಬರುವ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯವಳು. ಅಲ್ಲಿ ಎಲ್ಲರಿಗೂ ಅವಳು ಅಕ್ಕ, ಸೂಪರ್‌ವೈಸರ್‌ಗೂ. ಹೆಡ್‌ಫೋನ್ ಹಾಕಿಕೊಂಡು ಕೂತಳೆಂದರೆ ಅಳು, ಕಿರುಚಾಟ, ಬೊಗಳುವ ನಾಯಿ ಎಲ್ಲದರ ನಡುವಿನಿಂದ ವಿಳಾಸವನ್ನು ಹೆಕ್ಕಿ ತೆಗೆಯುತ್ತಿದ್ದಳು. "ಏನಂದ್ರಿ?" ಎಂದು ಅವಳು ಎರಡನೇ ಸಲ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಗಂಡ ಹೋದಮೇಲೆ ಮಗನನ್ನು ಸಾಕಿ ಓದಿಸಿದ್ದು ಆ ಕುರ್ಚಿಯಲ್ಲಿ ಕೂತೇ. ಹಾಗೆಂದು ಬರೀ ಹೊಟ್ಟೆಪಾಡಿಗೆ ಬರುತ್ತಿದ್ದಳು ಅಂದುಕೊಳ್ಳಬೇಡಿ. "ಇಲ್ಲಿ ನಂಗೊಂದು ಬೆಲೆ ಇದೆ ಕಣೇ, ಮನೇಲಿ ನಾನು ಬರೀ ಅಮ್ಮ" ಎನ್ನುತ್ತಿದ್ದಳು.

ಮಗನಿಗೊಂದು ಮಗುವಾಯಿತು. ಸೊಸೆಗೆ ರಜೆ ಮುಗಿದು ಆಫೀಸಿಗೆ ಮರಳುವ ಕಾಲ ಬರುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಜನ ಬೇಕು, ಮನೆಯಲ್ಲೇ ಒಬ್ಬಳಿದ್ದಾಳಲ್ಲ! "ಸಾಕು ಬಿಡಮ್ಮ, ಇನ್ನೂ ಎಷ್ಟು ಅಂತ ದುಡೀತೀಯ?" ಎಂದು ಮಗ ಶುರು ಮಾಡಿದ. ಅಕ್ಕ ಜಗ್ಗಲಿಲ್ಲ. "ಕಿವಿ ಗಟ್ಟಿ ಇರೋ ತನಕ ನಾನು ಬಿಡಲ್ಲ ಕಣೋ. ಕಿವಿ ಕೈಕೊಟ್ಟ ದಿನ ನೀನು ಹೇಳೋದೇ ಬೇಡ, ನಾನೇ ಎದ್ದು ಬರ್ತೀನಿ" ಎಂದುಬಿಟ್ಟಳು. ಪಾಪ, ತನ್ನ ಜುಟ್ಟನ್ನು ತಾನೇ ಅವನ ಕೈಗೆ ಕೊಟ್ಟಳು.

ಅದೇ ಸುಮಾರಿಗೆ ಅವರ ಮನೆಗೆ ಹೋಂ ಥಿಯೇಟರ್ ಬಂತು. ನೋಡಲು ಹೋದ ನನ್ನನ್ನು ಸೋಫಾದ ಮೇಲೆ ಕೂರಿಸಿ ಮಗರಾಯ ಪಾಠ ಮಾಡಿದ. "ಫೈವ್ ಪಾಯಿಂಟ್ ಒನ್ ಅಂದ್ರೆ ಐದು ಸ್ಪೀಕರ್, ಒಂದು ಸಬ್‌ವೂಫರ್, ಆಂಟಿ." ಸಬ್‌ವೂಫರ್ ಎಂದರೆ ಮೂಲೆಯಲ್ಲಿ ಕೂತ ದಪ್ಪ ಡಬ್ಬ, ದಢ್ ಎಂದು ಎದೆಗೆ ಗುದ್ದುವುದು ಅದರ ಕೆಲಸ. ಬೆನ್ನ ಹಿಂದಿನ ಎರಡಕ್ಕೆ ಸರೌಂಡ್ ಎಂದು ಹೆಸರು, ಮಳೆ, ಹೆಜ್ಜೆ ಸಪ್ಪಳ, ಕಿರ್ ಎನ್ನುವ ಬಾಗಿಲು ಅವುಗಳ ಪಾಲು. ಸಂಗೀತ ಎಡಬಲದ ಎರಡರದ್ದು. ಟಿವಿಯ ಕೆಳಗೆ ಉದ್ದಕ್ಕೆ ಮಲಗಿದ್ದು ಸೆಂಟರ್. ಸಿನಿಮಾದವರು ಆಡುವ ಮಾತು ಹೆಚ್ಚುಕಮ್ಮಿ ಪೂರ್ತಿ ಆ ಒಂದರಿಂದಲೇ ಬರುತ್ತದಂತೆ. ಯಾವ ಶಬ್ದ ಎಲ್ಲಿಗೆ ಎಂದು ಹಂಚುವ ಯಜಮಾನನ ಹೆಸರು ರಿಸೀವರ್. ಬೇಕೆಂದರೆ ಒಂದೊಂದು ಸ್ಪೀಕರನ್ನೂ ಬೇರೆಬೇರೆಯಾಗಿ ಏರಿಸಬಹುದು, ಇಳಿಸಬಹುದು ಎಂದು ರಿಮೋಟ್ ಒತ್ತಿ ತೋರಿಸಿದ. ಚಿತ್ರಕ್ಕೂ ಏನೋ ಎಚ್‌ಡಿಆರ್ ಇದೆಯಂತೆ, ಅದಿದ್ದರೆ ಕಪ್ಪು ನಿಜವಾಗಿ ಕಪ್ಪಗೆ ಕಾಣುತ್ತದಂತೆ. "ಅಷ್ಟಕ್ಕೆ ಇಷ್ಟೆಲ್ಲ ಒದ್ದಾಟವೇನೋ?" ಎಂದೆ. ಅವನು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. ಅಕ್ಕ ಆಗ ಅಡುಗೆಮನೆಯಲ್ಲಿ ಮಗುವಿಗೆ ಹಾಲು ಕಾಯಿಸುತ್ತಿದ್ದಳು, ಅವಳಿಗೆ ಈ ಪಾಠ ಯಾರೂ ಮಾಡಲಿಲ್ಲ.

ಮುಂದಿನದನ್ನೆಲ್ಲ ಆಮೇಲೆ ಅವನೇ ನನ್ನ ಮುಂದೆ ಬಾಯಿಬಿಟ್ಟು ಹೇಳಿದ್ದು. ಅಕ್ಕನಿಗೆ ರಜೆ ಇದ್ದ ದಿನ ಗಂಡಹೆಂಡತಿ ತಾವು ಮೊದಲೇ ನೋಡಿದ್ದ ಒಂದು ನಗೆ ಸಿನಿಮಾ ಹಾಕಿದರು. ಸೆಂಟರ್ ಸ್ಪೀಕರನ್ನು ಪೂರ್ತಿ ಇಳಿಸಿಟ್ಟರು. ಅಕ್ಕನನ್ನು ನಡುವೆ ಕೂರಿಸಿಕೊಂಡರು. ಮಳೆ ಸುರಿಯಿತು, ಬಾಗಿಲು ಬಡಿಯಿತು, ಸಂಗೀತ ಬಂತು. ಜನ ಬರೀ ತುಟಿ ಆಡಿಸಿದರು.

"ಇದೇನೋ, ಮಾತೇ ಕೇಳಿಸ್ತಿಲ್ವಲ್ಲೋ?"

"ಕೇಳಿಸ್ತಿದೆಯಲ್ಲಮ್ಮ!"

"ನಂಗೆ ಚೆನ್ನಾಗೇ ಕೇಳಿಸ್ತಿದೆ ಅತ್ತೆ" ಎಂದಳು ಸೊಸೆ, ಮಗುವಿನ ಬೆನ್ನು ತಟ್ಟುತ್ತ.

ಜೋಕ್ ಎಲ್ಲೆಲ್ಲಿ ಬರುತ್ತದೆಂದು ಇಬ್ಬರಿಗೂ ಬಾಯಿಪಾಠ. ಅಲ್ಲಲ್ಲಿ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಅವರ ಮುಖ, ಇವರ ಮುಖ ನೋಡಿ ತಡವಾಗಿ ತಾನೂ ನಕ್ಕಳಂತೆ.

"ಮಳೆ ಕೇಳಿಸ್ತಿದೆ ಕಣೋ, ಮಾತು ಮಾತ್ರ..." ಎಂದಳು ಕೊನೆಗೆ.

ಮಗ ಅವಳ ಹೆಗಲ ಮೇಲೆ ಕೈಯಿಟ್ಟ. "ವಯಸ್ಸಾದ್ರೆ ಹಾಗೇ ಅಮ್ಮ. ಸದ್ದು ಇರುತ್ತೆ, ಮೊದಲು ಹೋಗೋದೇ ಮಾತು." ಎಲ್ಲೋ ಓದಿಕೊಂಡಿದ್ದನಂತೆ. ಆ ಕೈಗೆ ಬೆಂಕಿ ಬೀಳ!

ಆಮೇಲೆ ಪ್ರತಿ ರಜೆಗೂ ಇದೇ ನಾಟಕ. ಅನುಮಾನ ಬರಬಾರದೆಂದು ಒಂದೊಂದು ದಿನ ಸೆಂಟರನ್ನು ಸ್ವಲ್ಪವೇ ಏರಿಸಿ, ಮಾತು ಗುಸುಗುಸು ಎನ್ನುವಷ್ಟು ಬಿಡುತ್ತಿದ್ದರು. ಅಷ್ಟು ಬುದ್ಧಿವಂತರು! ಅಕ್ಕ ನನ್ನೊಬ್ಬಳಿಗೆ ಮಾತ್ರ ಹೇಳಿಕೊಂಡಳು. "ನನ್ನ ಜೊತೆ ಸರಿಯಾಗೇ ಮಾತಾಡ್ತಿದ್ದೀಯಲ್ಲ, ನಿಂಗೇನಾಗಿದೆ?" ಎಂದು ಬೈದೆ. "ನಿನ್ನ ತುಟಿ ನೋಡಿ ತಿಳ್ಕೊಳ್ತಿದ್ದೀನಿ ಅನ್ಸುತ್ತೆ ಕಣೇ" ಎಂದಳು. ಡಾಕ್ಟರಿಗೆ ತೋರಿಸು ಎಂದರೆ ಬೇಡವೆಂದು ತಲೆಯಾಡಿಸಿದಳು.

ಹೆಡ್‌ಫೋನಿನಲ್ಲಿ ನೋಡಲು ತುಟಿ ಎಲ್ಲಿಂದ ಬರಬೇಕು? ಕಿವಿಗೆ ಸ್ಪಷ್ಟವಾಗಿ ಬಿದ್ದದ್ದನ್ನೂ ಅವಳು ನಂಬದಾದಳು. "ಇನ್ನೊಂದ್ಸಲ ಹೇಳಿ" ಎಂಬ ಮಾತು ಪಕ್ಕದ ಕುರ್ಚಿಯಿಂದ ಮತ್ತೆಮತ್ತೆ ಬರತೊಡಗಿತು. ಒಂದು ಮಧ್ಯಾಹ್ನ ಯಾರೋ ಗಂಡಸು, ಹೆಂಡತಿ ಎಚ್ಚರ ತಪ್ಪಿದ್ದಾಳೆಂದು ಫೋನ್ ಮಾಡಿದ್ದ. ಅವನು ಹೇಳಿದ ಬೀದಿಯ ಹೆಸರನ್ನು ಅಕ್ಕ ಆಗಲೇ ಸರಿಯಾಗಿ ಟೈಪ್ ಮಾಡಿಯಾಗಿತ್ತು, ಆದರೂ ಮತ್ತೆ ಕೇಳಿದಳು, ಮತ್ತೂ ಕೇಳಿದಳು. "ಕಿವುಡೀನಾ ನೀನು? ಕಿವುಡರನ್ನ ಯಾಕೆ ಕೂರಿಸ್ತಾರೆ ಅಲ್ಲಿ?" ಎಂದು ಅವನು ಅರಚಿದ್ದು ನನಗೂ ಕೇಳಿತು. ಗಾಡಿ ಹೊತ್ತಿಗೆ ಸರಿಯಾಗಿ ತಲುಪಿತು, ಹೆಂಗಸು ಬದುಕಿದಳು. ಅಕ್ಕ ಮಾತ್ರ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಸೂಪರ್‌ವೈಸರ್ ಕೋಣೆಗೆ ಹೋದಳು.

ನಾನು ಬೇಡಿಕೊಂಡೆ, ಜಗಳವಾಡಿದೆ. "ನನ್ನಿಂದ ಯಾರದ್ದೋ ಮನೆ ದೀಪ ಆರಿದ್ರೆ ನಾನು ಬದುಕಿರ್ತೀನೇನೇ?" ಎಂದಳು. ಅವಳ ಕುರ್ಚಿಗೆ ಹೊಸಬಳು ಬಂದು ಕೂತಳು.

ಮನೆಯಲ್ಲಿ ಸೊಸೆ ಬ್ಯಾಗು ಸಿದ್ಧಮಾಡಿಕೊಂಡು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಲು ಬಂದಳು. ಅಕ್ಕ ಕೈಯನ್ನೇ ಚಾಚಲಿಲ್ಲವಂತೆ.

"ನಿಂಗೇನು ತಲೆ ಕೆಟ್ಟಿದೆಯಾ? ಕಿವಿ ಕೇಳದವಳ ಹತ್ರ ಹಸುಗೂಸು ಬಿಟ್ಟು ಹೋಗ್ತಾರೇನೇ? ಅದು ಅತ್ತರೆ ನಂಗೆ ಗೊತ್ತಾಗೋದು ಹೇಗೆ?"

ಹೌದಲ್ಲ! ಇದು ಆ ಬುದ್ಧಿವಂತರಿಗೆ ಹೊಳೆದೇ ಇರಲಿಲ್ಲ.

ಮಗರಾಯ ನನ್ನನ್ನು ಹುಡುಕಿಕೊಂಡು ಕೆಲಸದ ಜಾಗಕ್ಕೇ ಬಂದ. ಗೇಟಿನ ಹತ್ತಿರ ನಿಂತು ಎಲ್ಲವನ್ನೂ ಕಕ್ಕಿದ. "ನಾನು ಹೇಳಿದ್ರೆ ನಂಬ್ತಿಲ್ಲ ಆಂಟಿ, ಬಲವಂತವಾಗಿ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರೂ ನಂಬ್ತಿಲ್ಲ, ನೀವು ಬಂದು ಹೇಳಿ." ಕಪಾಳಕ್ಕೆ ಬಾರಿಸಲಿಲ್ಲವೆಂಬುದೇ ನನ್ನ ದೊಡ್ಡತನ. "ನನ್ನ ಮುಂದೆಯೇ ಹೇಳು, ನಡಿ" ಎಂದು ಅವನ ಹಿಂದೆ ಹೊರಟೆ. ಅಕ್ಕ ಅವನ ಮುಖಕ್ಕೆ ಉಗಿಯುವುದನ್ನು ಕಣ್ಣಾರೆ ನೋಡುವ ಆಸೆ ನನಗೆ.

ಅಕ್ಕ ಕಿಟಕಿಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಮಗ ಅದೇ ಸಿನಿಮಾ ಹಾಕಿದ. ಸೆಂಟರ್ ಇಳಿಸಿದ, ಮಾತು ಹೋಯಿತು. ಏರಿಸಿದ, ಮಾತು ಬಂತು. "ಬೇಕೂಂತಲೇ ಮಾಡಿದ್ದಮ್ಮ. ನೀನು ಕೆಲಸ ಬಿಡ್ಲಿ ಅಂತ. ನಿನ್ನ ಕಿವಿಗೇನೂ ಆಗಿಲ್ಲ."

ಅಕ್ಕ ಪರದೆಯನ್ನು ನೋಡಿದಳು, ಮಗನನ್ನು ನೋಡಿದಳು. ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲ. "ಈಗ ನಂಗೋಸ್ಕರ ಜೋರಾಗಿ ಇಟ್ಟಿದ್ದೀಯ, ಅದಕ್ಕೆ ಕೇಳಿಸ್ತಿದೆ" ಎಂದಳು.

"ಇಲ್ಲಮ್ಮ! ಕಿವಿ ಡಾಕ್ಟರೂ ಸರಿ ಇದೆ ಅಂದ್ರಲ್ಲ ನಿನ್ನೆ!"

"ಅವರು ಪೀಂ ಪೀಂ ಅಂತ ಸದ್ದು ಕೇಳಿಸಿದ್ರು. ಸದ್ದು ಇರುತ್ತೆ, ಮೊದಲು ಹೋಗೋದೇ ಮಾತು ಅಂತ ನೀನೇ ಹೇಳಿದ್ಯಲ್ಲೋ."

ನನಗೆ ತಡೆಯಲಾಗಲಿಲ್ಲ. "ಅವನು ಮಾಡಿದ್ದು ನಿಜ ಅಕ್ಕ! ನಿನ್ನ ಹೊಟ್ಟೇಲಿ ಹುಟ್ಟಿದ ಮಗ ನಿನ್ನ ಕತ್ತು ಕುಯ್ದಿದ್ದಾನೆ!"

ಆಗ ಬಂತು ನೋಡಿ ಅವಳಿಗೆ ಸಿಟ್ಟು, ನನ್ನ ಮೇಲೆ. "ಬಾಯಿ ಮುಚ್ಚೇ! ನನ್ನ ಸಮಾಧಾನಕ್ಕೆ ಅಂತ ಅವನೇನೋ ಸುಳ್ಳು ಹೇಳ್ತಿದ್ದಾನೆ, ನೀನೂ ಅದಕ್ಕೆ ತಾಳ ಹಾಕ್ತೀಯಾ? ನನ್ನ ಮಗ ಅಂಥವನಲ್ಲ."

ಅವನು ಅವಳ ಮೊಣಕಾಲ ಮೇಲೆ ತಲೆಯಿಟ್ಟು ಹೋ ಎಂದು ಅತ್ತ. ಅವಳು ಅವನ ಕೂದಲು ನೇವರಿಸಿದಳು. "ಅಳಬೇಡ್ವೋ. ಕಿವಿ ತಾನೇ ಹೋಗಿದ್ದು. ನೀವೆಲ್ಲ ಇದ್ದೀರಲ್ಲ ನಂಗೆ."

ಅಷ್ಟರಲ್ಲಿ ಅಕ್ಕ ತಟ್ಟನೆ ಒಳಕೋಣೆಯ ಕಡೆ ಕತ್ತು ತಿರುಗಿಸಿದಳು. ನನಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು, ಮುಚ್ಚಿದ ಬಾಗಿಲ ಹಿಂದೆ ಮಗು ಸಣ್ಣಗೆ ಮುಲುಗುತ್ತಿತ್ತು. ಅಕ್ಕ ಎರಡೂ ಕೈಯೂರಿ ಅರ್ಧ ಎದ್ದವಳು ಅಲ್ಲೇ ನಿಂತಳು, ಮತ್ತೆ ಕೂತಳು.

"ಮಗು ಅತ್ತಹಾಗೆ ನಂಗೆ ಭ್ರಮೆ" ಎಂದಳು ಮಗನಿಗೆ. "ನಿಜವಾಗ್ಲೂ ಅಳ್ತಿದ್ರೆ ನೀನು ಹೋಗಿ ಎತ್ಕೊಳಪ್ಪ."