ಅಕ್ಕನ ಕೋಣೆಯ ಬಾಗಿಲು

"ನೀರು ಬಿಸಿ ಇರ್ಲಿ ಕಣೆ, ಅವರಿಗೆ ತಣ್ಣೀರು ಆಗ್ತಿರ್ಲಿಲ್ಲ," ಎನ್ನುತ್ತ ಅಕ್ಕ ಬಕೆಟ್ ತಂದಿಟ್ಟಳು. ಸತ್ತವರಿಗೆ ಎಂಥ ಬಿಸಿ, ಎಂಥ ತಣ್ಣೀರು! ತಂಗಿ ಅಂಗಿಯ ತೋಳು ಮಡಚಿದಳು. ಅಪ್ಪನ ಮೈ ತೊಳೆಯುವ ಕೆಲಸ ಇಬ್ಬರು ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು.

ತಂಗಿಗೆ ಹೆಣ ಹೊಸದಲ್ಲ. ಕೊಲೆಯಾದ ಮನೆಗಳಲ್ಲಿ ರಕ್ತ, ಕೂದಲು, ಬೆರಳಚ್ಚು ಹುಡುಕುವುದೇ ಅವಳ ನೌಕರಿ. ಆಫೀಸಿನವರು ಅವಳನ್ನು ಹದ್ದು ಎಂದೇ ಕರೆಯುತ್ತಿದ್ದರು. ಇವತ್ತಾದರೂ ಆ ಕಣ್ಣನ್ನು ಎಲ್ಲಾದರೂ ಬಿಟ್ಟು ಬರಬೇಕಿತ್ತು.

"ನನ್ನ ತೊಡೆ ಮೇಲೆ ತಲೆ ಇಟ್ಕೊಂಡೇ ಹೋದ್ರು, ಬೆಳಗಿನ ಜಾವ," ಎಂದಳು ಅಕ್ಕ. ಫೋನಿನಲ್ಲೂ ಇದನ್ನೇ ಹೇಳಿದ್ದಳು.

ತಂಗಿ ಅಂಗಿಯ ಗುಂಡಿ ಬಿಚ್ಚಿದಳು. ಅಪ್ಪನ ಎದೆ, ಹೊಟ್ಟೆಯೆಲ್ಲ ನೇರಳೆಗಟ್ಟಿತ್ತು. ಉಸಿರು ನಿಂತ ಮೇಲೆ ರಕ್ತ ಮೈಯ ಕೆಳಬದಿಗೆ ಇಳಿಯುತ್ತದೆ. ಅಂಗಾತ ಸತ್ತವರ ಬೆನ್ನು ಹಾಗಾಗಬೇಕು, ಎದೆಯಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಣ್ಣ ಕದಲಲಿಲ್ಲ; ರಕ್ತ ಅಲ್ಲಿ ಕೂತು ಗಂಟೆಗಳೇ ಆಗಿದ್ದವು. ಹಾಗಾದರೆ ಅಪ್ಪ ರಾತ್ರಿಯೆಲ್ಲ ಬೋರಲು ಬಿದ್ದಿದ್ದರು. ದಿಂಬಿನ ಕಡೆಗಿದ್ದ ಕೆನ್ನೆಯನ್ನು ತಿರುಗಿಸಿದಳು. ಅಲ್ಲಿ ಒರಟು ನಾರಿನ ಹೆಣಿಗೆ ಅಚ್ಚೊತ್ತಿತ್ತು. ಅಂಥ ಕಾಲೊರಸು ಇದ್ದದ್ದು ಅಕ್ಕನ ಕೋಣೆಯ ಮುಂದೆ ಮಾತ್ರ. ಉಗುರಿನ ಸಂದಿನಲ್ಲಿ ಹಸಿರು ಬಣ್ಣದ ಚೂರುಗಳು. ಅಕ್ಕನ ಬಾಗಿಲೂ ಹಸಿರು. ಅಯ್ಯೋ, ಎಷ್ಟು ಹೊತ್ತು ಕೆರೆದಿರಬೇಕು!

ತಲೆಯೆತ್ತಿದರೆ ಅಕ್ಕ ಅವಳನ್ನೇ ನೋಡುತ್ತಿದ್ದಳು. ವರ್ಷಗಟ್ಟಲೆ ಅಪ್ಪನನ್ನು ಎತ್ತಿ ಕೂರಿಸಿ, ಉಣಿಸಿ, ಒರೆಸಿದ ಆ ಕೈಗಳು ಒಣ ಟವೆಲನ್ನೇ ಹಿಂಡುತ್ತಿದ್ದವು.

"ನಿದ್ದೆ ಕಂಡು ಎಷ್ಟೋ ದಿನ ಆಗಿತ್ತು ಕಣೆ. ಒಂದೇ ಒಂದು ರಾತ್ರಿ ಅಂತ ಮಾತ್ರೆ ತಗೊಂಡು ಬಾಗಿಲು ಹಾಕ್ಕೊಂಡೆ. ಬೆಳಗ್ಗೆ ತೆಗೆದ್ರೆ, ಅಲ್ಲೀವರೆಗೆ ಹೇಗೆ ಬಂದ್ರೋ, ಬಾಗಿಲ ಮುಂದೇನೇ ಬಿದ್ದಿದಾರೆ. ಜನ ಏನಂತಾರೋ ಅಂತ ಎಳ್ಕೊಂಡು ಬಂದು ಮಲಗಿಸ್ದೆ." ಅವಳು ಟವೆಲನ್ನು ಕೆಳಗಿಟ್ಟಳು. "ನಿಂಗೆ ಇದೆಲ್ಲ ಗೊತ್ತಾಗುತ್ತೆ. ನಿಜ ಹೇಳು. ನನ್ನ ಕರೆದ್ರಾ?"

ಕೋರ್ಟಿನಲ್ಲಿ ವಕೀಲರು ಎಷ್ಟು ಬೆವರಿಳಿಸಿದರೂ ಒಂದಕ್ಷರ ಸುಳ್ಳು ಹೇಳಿದವಳಲ್ಲ ತಂಗಿ.

"ಇಲ್ಲ ಅಕ್ಕ. ಬಿದ್ದ ತಕ್ಷಣ ಹೋಗಿದಾರೆ. ಬಾಯಿ ತೆರೆಯೋಕೂ ಹೊತ್ತಿರ್ಲಿಲ್ಲ."

"ನನ್ನಾಣೆ?"

"ನಿನ್ನಾಣೆ."

ಅಕ್ಕ ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅಳು ತಗ್ಗಿದ ಮೇಲೆ ತಂಗಿ ಅವಳನ್ನು ಮುಖ ತೊಳೆಯಲು ಕಳಿಸಿದಳು. ಆಮೇಲೆ ಬೆಂಕಿಕಡ್ಡಿಯಿಂದ ಅಪ್ಪನ ಒಂದೊಂದೇ ಉಗುರಿನ ಸಂದಿನಿಂದ ಬಣ್ಣದ ಚೂರುಗಳನ್ನು ಬಿಡಿಸಿದಳು. ಬೇರೆಯವರ ಮನೆಯಾಗಿದ್ದರೆ ಆ ಚೂರುಗಳನ್ನು ಪುಟ್ಟ ಲಕೋಟೆಗೆ ಹಾಕಿ ಮೊಹರು ಮಾಡುತ್ತಿದ್ದಳು. ಇವು ಬಕೆಟ್ಟಿನ ನೀರಿನೊಂದಿಗೆ ಬಚ್ಚಲಿಗೆ ಹೋದವು.

ಜನ ಬರತೊಡಗಿದರು. ಹಸಿರು ಬಾಗಿಲಿನ ಮೇಲೆ, ನೆಲದಿಂದ ಒಂದು ಗೇಣಿನೆತ್ತರದಲ್ಲಿ, ಗೀರುಗಳಿದ್ದವು. ತಂಗಿ ಹೋಗಿ ಅದಕ್ಕೇ ಬೆನ್ನು ಕೊಟ್ಟು ಕೂತಳು.

"ನೆಲದ ಮೇಲೆ ಯಾಕಮ್ಮ? ಏಳು, ಕುರ್ಚಿ ಇದೆ," ಎಂದರು ಚಿಕ್ಕಮ್ಮ.

"ಇರ್ಲಿ ಬಿಡಿ ಚಿಕ್ಕಮ್ಮ, ಇಲ್ಲೇ ಸರಿಯಾಗಿದೆ."

ಎದುರಿಗೆ ಅಕ್ಕ ಯಾರಿಗೋ ಹೇಳುತ್ತಿದ್ದಳು, "ನನ್ನ ತಂಗಿನೇ ನೋಡಿದ್ಲು. ಒಂಚೂರೂ ನೋವು ತಿನ್ಲಿಲ್ವಂತೆ." ತಂಗಿ ಹೌದೆಂದು ತಲೆಯಾಡಿಸಿದಳು. ಗೀರುಗಳು ಅಂಗಿಯ ಬಟ್ಟೆ ದಾಟಿ ಬೆನ್ನಿಗೆ ಒತ್ತುತ್ತಿದ್ದವು.