ಬಾಲವಿದ್ದ ಷಕಾರ

ಬಾಗಿಲು ತೆರೆದ ಮರಗಮ್ಮನ ಮುಖದೆದುರು ಜಯಲತಾ ಕಾಗದವನ್ನು ಹಿಡಿದಳು.

"ಇದನ್ನು ಬರೆದದ್ದು ನೀವೇ ಅಲ್ವಾ? ನಮ್ಮಕ್ಕ ತಿಗಣೆ ಔಷಧಿ ಕುಡಿದಿದ್ದಾಳೆ. ಜೀವ ಉಳಿದಿದೆ, ಸ್ವರ ಹೋಗಿದೆ."

ಕಲ್ಯಾಣದ ಆ ಚಾಳಿನಲ್ಲಿ ಅಕ್ಕಪಕ್ಕದ ಬಾಗಿಲುಗಳಿಂದ ಮುಖಗಳು ಇಣುಕಿದವು. ಮರಗಮ್ಮ ಕಾಗದ ಮುಟ್ಟಲಿಲ್ಲ. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತೋರಿಸಿ, ಬಿಟ್ಟಳು. ಅದು ಒದ್ದೆ ಬಟ್ಟೆಯಂತೆ ಕೆಳಗೆ ಜೋತುಬಿತ್ತು.

"ಲಕ್ವಾ ಹೊಡದು ವರ್ಷ ಆತು. ಹೊಲಿಗಿ ಮಷೀನೂ ಮಾರೀನಿ. ಇನ್ನ ಬರಿಯೂದೆಲ್ಲಿಂದ?"

ಜಯಲತಾ ಕಾಗದವನ್ನು ಕೆಳಗಿಳಿಸಿದಳು. ಎರಡು ವರ್ಷದ ಹಿಂದೆ, ಎಂಬತ್ತೆರಡರಲ್ಲಿ, ಡೊಂಬಿವಲಿಯ ಅವರ ಬಿಲ್ಡಿಂಗಿಗೆ ಹೆಸರಿಲ್ಲದ ಕಾಗದಗಳು ಬರತೊಡಗಿದ್ದವು. ಯಾರ ಗಂಡ ಎಲ್ಲಿಗೆ ಹೋಗುತ್ತಾನೆ, ಯಾರ ಹೆಂಡತಿ ಯಾರ ಜೊತೆ ಲೋಕಲ್ ರೈಲು ಹತ್ತುತ್ತಾಳೆ ಎಂಬ ಹೊಲಸೆಲ್ಲ ಅದರಲ್ಲಿ. ಆಗ ಹದಿನೈದರ ಜಯಲತಾ ಅದನ್ನು ಪತ್ತೆ ಮಾಡಿದ್ದಳು. ಆ ಕಾಗದಗಳಂಥದೇ ಹಳದಿ ಹಾಳೆಗಳು ನೆಲಮಹಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ವಿಧವೆ ಮರಗಮ್ಮನ ಬುಟ್ಟಿಯಲ್ಲಿ ಸಿಕ್ಕಿದ್ದವು. ಸೊಸೈಟಿಯ ಸೆಕ್ರೆಟರಿ ಲೀಲಾಧರ ಮಾಸ್ತರು ಸಭೆ ಕರೆದು ಹುಡುಗಿಯ ಬೆನ್ನು ತಟ್ಟಿದರು, ಎಲ್ಲರೂ ಚಪ್ಪಾಳೆ ಹೊಡೆದರು. ವಾರದೊಳಗೆ ಮರಗಮ್ಮ ಮನೆ ಖಾಲಿ ಮಾಡಿದಳು.

"ಬುಟ್ಟಿ ನೋಡು ಅಂತ ನಿನಗ ಹೇಳಿದಾಂವ ಯಾರು?" ಮರಗಮ್ಮ ಕೇಳಿದಳು.

"ಮಾಸ್ತರು."

"ಹಿಂದಿನ ದಿನ ಹರಕ ಪಾಯಜಾಮಾ ಹಿಡ್ಕೊಂಡು ನನ್ ಮನೀಗೆ ಬಂದಾಂವನೂ ಅವನ. ನಾ ಹೇಳಿದೆ. ಯಾರ್ ಕೇಳ್ತಾರ? ಶಾಣ್ಯಾ ಹುಡುಗಿ ನೀನು, ನೀ ಅಂದದ್ದೇ ಖರೇ ಆತು."

ಮಾಸ್ತರು ತಮ್ಮ ಸೋದರಳಿಯನಿಗೆ ಅಕ್ಕ ರತ್ನಾವತಿಯನ್ನು ಕೇಳಿದ್ದರು. ಅಪ್ಪ ಬೇಡವೆಂದು ಠಾಣೆ ಊರಿನಲ್ಲಿ ಬೇರೆ ಸಂಬಂಧ ಗೊತ್ತು ಮಾಡಿದ್ದ. ಈ ಕಾಗದ ಹೋದದ್ದು ಆ ವರನ ಮನೆಗೇ. ಅವರು ಸಂಬಂಧ ಮುರಿದು ಕಾಗದವನ್ನು ಮರಳಿ ಕಳಿಸಿದ್ದರು. ಜಯಲತಾ ಕಾಗದವನ್ನು ಬೆಳಕಿಗೆ ತಿರುಗಿಸಿದಳು. ಅಕ್ಷರಗಳನ್ನು ಮಗು ಬರೆದಂತೆ ಚೌಕವಾಗಿ ಕೂರಿಸಿದ್ದರು. ಆದರೆ 'ವಿಷಯ' ಎಂಬಲ್ಲಿ ಷಕಾರದ ಹೊಟ್ಟೆಯೊಳಗಿನ ಗೆರೆ ಹೊರಗೆ ಬಂದು ಬಾಲದಂತೆ ಇಳಿದಿತ್ತು. ಆ ಬಾಲವನ್ನು ಅವಳು ದಿನಾ ನೋಡಿದ್ದಳು, ಸೊಸೈಟಿಯ ಬೋರ್ಡಿನ ಮೇಲೆ, ಮಾಸ್ತರರ ನೋಟಿಸುಗಳಲ್ಲಿ.

"ಬಿಡುವುದಿಲ್ಲ ನಾನು," ಎಂದಳು.

"ಬಿಡಬ್ಯಾಡ. ಆದ್ರ ಅವನಂಗ ಹೆಸರಿಲ್ದ ಬರೀಬ್ಯಾಡ. ನನ್ ಹೆಸರು ಹಾಕು, ಕೆಳಗ ನಿಂದೂ ಹಾಕು. ನೀ ನನಗೇನ್ ಮಾಡಿದಿ, ಅದನ್ನೂ ಬರಿ."

ಭಾನುವಾರ ಬೆಳಿಗ್ಗೆ ಬೋರ್ಡಿನ ಮೇಲೆ ಒಂದು ಚೀಟಿ ಇತ್ತು: 'ವಿಶೇಶ ವಿಶಯ. ಹತ್ತು ಗಂಟೆಗೆ ಎಲ್ಲರೂ ಕೆಳಗೆ ಬನ್ನಿ.' ಹತ್ತಕ್ಕೆ ಬಿಲ್ಡಿಂಗಿನ ಅರ್ಧ ಜನ ಅಂಗಳದಲ್ಲಿದ್ದರು. ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರಿಗೆ ತಪ್ಪು ಕಂಡರೆ ಕೈ ನಿಲ್ಲುತ್ತಿರಲಿಲ್ಲ.

"ಯಾರದ್ದು ಮಾರಾಯ್ರೆ ಈ ಬರಹ? ಷಕಾರ ಗೊತ್ತಿಲ್ಲದವರು ನೋಟಿಸ್ ಎಂತಕ್ಕೆ ಹಾಕುವುದು?" ಎನ್ನುತ್ತ ಅವರು ಕಿಸೆಯಿಂದ ಪೆನ್ನು ತೆಗೆದು ಎರಡೂ ತಪ್ಪುಗಳನ್ನು ತಿದ್ದಿದರು.

"ನಾನು ಹಾಕಿದ್ದು ಮಾಸ್ತರೇ," ಎಂದು ಜಯಲತಾ ಮುಂದೆ ಬಂದಳು. ಒಣಗದ ಆ ಶಾಯಿಯ ಪಕ್ಕಕ್ಕೆ ವರನ ಮನೆಯಿಂದ ಮರಳಿ ಬಂದ ಕಾಗದವನ್ನು ಚುಚ್ಚಿದಳು. ಅದರ ಪಕ್ಕದಲ್ಲಿ ಎರಡು ಹೆಸರುಗಳಿದ್ದ ತನ್ನ ಹಾಳೆ. ಅದನ್ನು ಗಟ್ಟಿಯಾಗಿ ಓದಿದಳು. "ಎರಡು ವರ್ಷದ ಹಿಂದೆ ಮರಗಮ್ಮನ ಮೇಲೆ ನಾನು ಹೊರಿಸಿದ್ದು ಸುಳ್ಳು..." ಧ್ವನಿ ಎರಡು ಸಲ ಒಡೆಯಿತು. ಆದರೂ ಕೊನೆಯವರೆಗೆ ಓದಿದಳು.

ಅಪ್ಪ ತಾರಾನಾಥ ಬೋರ್ಡಿನ ಹತ್ತಿರ ಹೋಗಿ ಒಂದು ಬಾಲದ ಮೇಲೆ ಬೆರಳಿಟ್ಟ. ಆಮೇಲೆ ಇನ್ನೊಂದರ ಮೇಲೆ. ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

"ಎಂತ ಮಕ್ಕಳಾಟ ಇದು," ಎಂದರು ಮಾಸ್ತರು. ಪೆನ್ನನ್ನು ಮುಚ್ಚಳ ಹಾಕದೆಯೇ ಕಿಸೆಗೆ ತುರುಕಿದರು.

ಎರಡನೇ ಮಹಡಿಯ ಭುಜಂಗನ ಹೆಂಡತಿ ಆ ಹಳೆಯ ಕಾಗದಗಳ ದೆಸೆಯಿಂದ ತವರಿಗೆ ಹೋದವಳು ಮರಳಿರಲಿಲ್ಲ. ಅವನು ನಿಧಾನವಾಗಿ ಬಂದು ಮಾಸ್ತರರ ಕನ್ನಡಕ ತೆಗೆದು, ಮಡಿಸಿ, ಅವರ ಕಿಸೆಗೇ ಹಾಕಿದ. ಆಮೇಲೆ ಹೊಡೆದ. ಯಾರೂ ತಡೆಯಲಿಲ್ಲ. ಜಯಲತಾ ಕಣ್ಣು ಹೊರಳಿಸಲಿಲ್ಲ. ಎರಡನೆಯ ಏಟಿಗೂ, ಮೂರನೆಯದಕ್ಕೂ ನೋಡುತ್ತಲೇ ನಿಂತಳು.

ಅವಳು ಮೇಲೆ ಹೋದಾಗ ರತ್ನಾವತಿ ಗೋಡೆಗೆ ಒರಗಿ ಕುಳಿತಿದ್ದಳು. ಅಮ್ಮ ಕಾಯಿಸಿಟ್ಟ ಗಂಜಿ ಹಾಗೆಯೇ ಕೆನೆಗಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಯಾರಾದರೂ ತಿನ್ನಿಸಬೇಕಿತ್ತು.

"ಅತ್ತರಾ?" ಅಕ್ಕನ ಬಾಯಿಂದ ಬಂದದ್ದು ಬರೀ ಗಾಳಿ.

"ಇಲ್ಲ. ಬಿದ್ದರು."

ರತ್ನಾವತಿ ಬಟ್ಟಲನ್ನು ತಾನೇ ಹತ್ತಿರ ಎಳೆದುಕೊಂಡಳು. ಕೆಳಗಿನ ಗಲಾಟೆಯ ನಡುವೆಯೂ, ಚಮಚ ಬಟ್ಟಲಿನ ತಳಕ್ಕೆ ತಾಗುವ ಸದ್ದು ಕೇಳುತ್ತಿತ್ತು.