ಸೇದಿದವರು ಇಬ್ಬರು

ನನ್ನ ಗಂಡ ನವೀನ ಸರಕಾರಕ್ಕೆ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನೇ ಬಂದು ಹೇಳಿಯಾನು.

ಎರಡು ಸಾವಿರದ ಒಂದನೇ ಇಸವಿಯ ಕೊನೆ, ಅವಳಿ ಗೋಪುರಗಳ ಮೇಲೆ ದಾಳಿಯಾಗಿ ಕೆಲವೇ ತಿಂಗಳು. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅಮೆರಿಕದ ಸ್ಯಾನ್ ರಮೋನ್‌ನಲ್ಲಿದ್ದ ನವೀನನ ಆಫೀಸಿನಲ್ಲೂ ಅರ್ಧಕ್ಕರ್ಧ ಮೇಜುಗಳು ಖಾಲಿ. ಅಷ್ಟರಲ್ಲಿ ಸೈನ್ಯದ್ದೊಂದು ಕೆಲಸ ಬಂತು. ಅದನ್ನು ಮಾಡುವವನಿಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು, ಅಂದರೆ ಇವನನ್ನು ನಂಬಬಹುದು ಎಂಬ ಸರಕಾರದ ಮುದ್ರೆ. ಇದ್ದದ್ದು ಒಂದೇ ಜಾಗ. ಅಮೆರಿಕದ ಪೌರತ್ವ ಇದ್ದು ಅರ್ಜಿ ಹಾಕಿದವರು ಇಬ್ಬರು, ನವೀನ ಮತ್ತು ಅದೇ ಆಫೀಸಿನಲ್ಲಿದ್ದ ಅವನ ಜೀವದ ಗೆಳೆಯ ಇಜಾಜ್. ಮುದ್ರೆ ಸಿಗದವನ ಕೆಲಸ ಹೋಗುವುದು ಖಾತ್ರಿ.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ರೂಮು. ಮಾಳಿಗೆ ಹತ್ತಿ ಕೆಲವು ದಿನ ಗಾಂಜಾ ಸೇದಿದ್ದರು, ಆಮೇಲೆ ಬಿಟ್ಟಿದ್ದರು.

ಅರ್ಜಿ ತುಂಬುವ ಬಗ್ಗೆ ತಿಳಿಸುವ ಮೀಟಿಂಗು ಶುಕ್ರವಾರ ಮಧ್ಯಾಹ್ನ ಇತ್ತು. ಇಜಾಜ್ ನಮಾಜಿಗೆ ಹೋಗಿದ್ದ, ನವೀನನೊಬ್ಬನೇ ಕೂತಿದ್ದ. ಹಳೇ ಚಟವನ್ನು ಒಪ್ಪಿಕೊಂಡವರಿಗೆ ಹೆಚ್ಚಾಗಿ ತೊಂದರೆಯಿಲ್ಲ, ಮುಚ್ಚಿಟ್ಟವರ ಕಥೆ ಮುಗಿದಂತೆ ಎಂದು ಅಲ್ಲಿ ಬಿಡಿಸಿ ಹೇಳಿದರಂತೆ. ಸಂಜೆ ನಮ್ಮ ಮನೆಗೆ ಬಂದ ಇಜಾಜ್ ಕೇಳಿದ, "ಗಾಂಜಾದ್ದು ಬರೀಬೇಕೇನಲೇ?"

"ಹುಚ್ಚೇನ್ ನಿನಗ? ಈಗಿನ ಟೈಮಿನ್ಯಾಗ ನಿನ್ನ ಹೆಸರ ಸಾಕು. ಮ್ಯಾಲ ಗಾಂಜಾ ಅಂತ ಬರದ್ರ ಮುಗೀತು. ನೋ ಅಂತ ಬರಿ," ಅಂದ ನನ್ನ ಗಂಡ. ಕಾಳಜಿಯಿಂದ ಹೇಳುತ್ತಿದ್ದಾನೆ ಎಂದುಕೊಂಡೆ ನಾನು.

ತಾನು ಮಾತ್ರ ಎಸ್ ಎಂದು ಬರೆದ. ವಿಚಾರಣೆಯ ಅಧಿಕಾರಿ ಜೊತೆಗೆ ಯಾರಿದ್ದರೆಂದು ಕೇಳಿದಾಗ ಇಜಾಜನ ಹೆಸರನ್ನೂ ಕೊಟ್ಟ. ಮೀಟಿಂಗಿನ ಮಾತೂ ಸೇರಿ ಇದೆಲ್ಲ ನನಗೆ ಗೊತ್ತಾದದ್ದು ಇಜಾಜನ ಅರ್ಜಿ ತಿರಸ್ಕಾರವಾಗಿ ಕೆಲಸವೂ ಹೋದ ಮೇಲೆ. ಫ್ರೀಮಾಂಟಿನ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನವೀನನೇ ಹೇಳಿದ. "ಇರೋದು ಒಂದ ಪೋಸ್ಟು, ಉಮಾ. ಮತ್ತ ನಾ ಖರೇನ ಹೇಳೀನಿ."

ಇಂಥವನ ಜೊತೆ ಬಾಳುತ್ತಿದ್ದೇನಲ್ಲ ಎಂದು ಅಸಹ್ಯವಾಯಿತು.

ಆ ಭಾನುವಾರ ಇಜಾಜನನ್ನು ಊಟಕ್ಕೆ ಬೇರೆ ಕರೆದಿದ್ದ, ಪುಣ್ಯಾತ್ಮ. ಇಜಾಜ್ ಒಬ್ಬನೇ ಬಂದ. ಹೆಂಡತಿ ಅಮ್ರೀನ್ ತುಂಬು ಬಸುರಿ, ಹೆರಿಗೆಯ ಖರ್ಚು ನೋಡಬೇಕಿದ್ದ ಇನ್ಶೂರೆನ್ಸೂ ಕೆಲಸದ ಜೊತೆಗೇ ಹೋಗಿತ್ತು.

"ಕಡೀಕ ಒಪ್ಕೊಂಡೆ, ಸೇದಿದ್ದೆ ಅಂತ," ಅಂದ ಇಜಾಜ್ ರೊಟ್ಟಿ ಮುರಿಯುತ್ತ. "ಜೋಡಿ ಯಾರಿದ್ರು ಅಂತ ತಿರಗಿ ತಿರಗಿ ಕೇಳಿದ ಆಫೀಸರು. ಯಾರೂ ಇರಲಿಲ್ಲ, ಒಬ್ಬನ ಇದ್ದೆ ಅಂದೆ. ನಿನ್ನ ಹೆಸರು ಬಾಯಾಗ ಬರಗೊಡಲಿಲ್ಲ ನೋಡಲೇ. ಅಲ್ಲೇ ಫೈಲು ಮುಚ್ಚಿಬಿಟ್ಟ."

ನವೀನ ರೊಟ್ಟಿಗೆ ಪಲ್ಯ ಹಚ್ಚಿಕೊಳ್ಳುತ್ತಲೇ ಅಂದ, "ಹೇಳಬೇಕಿತ್ತಲೇ ಹುಚ್ಚ. ನನಗೇನೂ ಆಗ್ತಿರಲಿಲ್ಲ."

ಇಜಾಜನ ಕೈ ತಟ್ಟೆಯಲ್ಲೇ ನಿಂತಿತು. ಅವನನ್ನು ಬಿಟ್ಟು ನನ್ನನ್ನು ಕೇಳಿದ, "ಯಾಕ್ರಿ ವೈನಿ? ಇವಂಗ್ಯಾಕ ಏನೂ ಆಗ್ತಿರಲಿಲ್ಲ?"

"ಇವರು ಎಸ್ ಅಂತ ಬರದಿದ್ರು, ಇಜಾಜ್ ಭಾಯಿ. ನಿಮ್ಮ ಹೆಸರು ಕೊಟ್ಟವರೂ ಇವರ."

ತಟ್ಟೆ ಎತ್ತಿ ನವೀನನ ಮುಖಕ್ಕೆ ಎಸೆಯಲಿ ಎಂದು ಕಾದೆ. ಇಜಾಜ್ ಬಾಯಲ್ಲಿದ್ದುದನ್ನು ನುಂಗಿ, ತಟ್ಟೆ ಬದಿಗೆ ಸರಿಸಿದ.

"ಅಮ್ರೀನ್‌ಗೆ ಮಾತ್ರ ಹೇಳಬ್ಯಾಡ್ರಿ," ಅಂದ. "ನವೀನ ಅದಾನ, ಏನಾರ ದಾರಿ ತೋರಸ್ತಾನ ಅಂತ ಕುಂತಾಳ."

"ಇಲ್ಲ, ಹೇಳೂದಿಲ್ಲ," ಅಂದ ನನ್ನ ಗಂಡ, ಮತ್ತೊಂದು ರೊಟ್ಟಿಗೆ ನನ್ನ ಕಡೆ ತಟ್ಟೆ ಚಾಚಿದ.